ಕೇಬಲ್ ಟಿ.ವಿ.ಯಲ್ಲಿ ನಮ್ಮ ಮನೆಯ ಗಿಣ್ಣ

ನಮ್ಮ ಸುಮಾ ಹತ್ತನೇ ಕ್ಲಾಸು ಪಾಸಾದಳು! ಗಣಿತದಲ್ಲೂ ಪಾಸಾದಳು! ನನ್ನ ಮೊಮ್ಮಗಳು ರೀ, ನನ್ನ ಮೊಮ್ಮಗಳು. ಶಿಕಾರಿಪುರದಲ್ಲಿ ಇದನ್ನು ಕೇಳದವರು ಯಾರಾದರೂ ಉಳಿದಿದ್ದರೆ ಅವರು ಇವತ್ತು ಊರಲ್ಲೇ ಇರಲಿಲ್ಲ ಎಂದು ಅರ್ಥ. ಹಾಲಿನವನಿಗೆ ಹೇಳಿದೆ, ಬಳೆಗಾರ್ತಿಗೆ ಹೇಳಿದೆ, ದಾರಿಯಲ್ಲಿ ನಿಂತಿದ್ದ ಯಾರೋ ಅಪರಿಚಿತನಿಗೂ ಹೇಳಿದೆ. ಪಾಪ, ಅವನು ತಾಲ್ಲೂಕು ಕಚೇರಿ ಎಲ್ಲಿ ಎಂದು ಕೇಳಿದ್ದನಷ್ಟೆ.

ಹೀಗೆ ಬಾಯಿಬಿಟ್ಟು ಹೇಳಿಕೊಳ್ಳುವುದು ನಮ್ಮ ಮನೆತನದಲ್ಲಿ ಇದೇ ಮೊದಲು. ನಮ್ಮಲ್ಲಿ ಒಳ್ಳೆಯ ಸುದ್ದಿಯನ್ನು ಕಳ್ಳಮಾಲಿನ ಹಾಗೆ ಬಚ್ಚಿಡಬೇಕು. ಹೊರಗೆ ಬಂದರೆ ದೃಷ್ಟಿ ತಾಗುತ್ತದೆ. ಅಂಬ್ಲಿಗೊಳ ಜಲಾಶಯ ಕೋಡಿ ಬಿದ್ದು, ಗದ್ದೆಯಲ್ಲಿ ಭತ್ತ ಎದೆಮಟ್ಟ ನಿಂತ ವರ್ಷವೂ ಯಾರಾದರೂ "ಬೆಳಿ ಹೆಂಗೈತ್ರೀ?" ಎಂದರೆ ನಮ್ಮ ಮಾವನವರು ಮುಖ ಸಣ್ಣದು ಮಾಡಿ, "ದನಕ್ಕ ಹುಲ್ಲಿಗೇನೂ ತೊಂದ್ರಿ ಇಲ್ಲ ನೋಡ್ರಿ" ಎನ್ನುತ್ತಿದ್ದರು. ನಾನು ಮದುವೆಯಾಗಿ ಬಂದಾಗ ನೆರೆಯವರು "ಸೊಸಿ ಹೆಂಗದಾಳ್ರೀ?" ಎಂದು ಕೇಳಿದ್ದಕ್ಕೆ ನಮ್ಮ ಅತ್ತೆ, "ಕಣ್ಣು ಕಾಣ್ತಾವ" ಎಂದರಂತೆ. ಅದು ಹೊಗಳಿಕೆ ಎಂದು ನನಗೆ ತಿಳಿಯುವ ಹೊತ್ತಿಗೆ ಮಕ್ಕಳು ಶಾಲೆಗೆ ಹೋಗುತ್ತಿದ್ದವು.

ಇಂಥ ಮನೆಯಲ್ಲಿ ಹುಟ್ಟಿದ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಫೇಲಾದಳು. ಮಾತು ಬಿಟ್ಟಳು, ಊಟ ಅರ್ಧಕ್ಕೇ ಬಿಟ್ಟು ಏಳತೊಡಗಿದಳು. "ನಾ ಪರೀಕ್ಷೆಗೆ ಕೂಡಂಗಿಲ್ಲ. ನನ್ನ ಕೈಲಿ ಏನೂ ಆಗಂಗಿಲ್ಲ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಮನೆಯವರೆಲ್ಲ ಬಲು ಜಾಣತನದಿಂದ ಸಮಾಧಾನ ಮಾಡಿದೆವು. ಕಿರಾಣಿ ಅಂಗಡಿ ನಡೆಸುವ ನನ್ನ ಮಗ, "ಅಳಬ್ಯಾಡವ್ವ. ಪಾಸಾದ್ರ ಕಾಲೇಜು, ಫೇಲಾದ್ರ ಮದುವಿ. ಎರಡೂ ಒಳ್ಳೇದ" ಎಂದ. ಸೊಸೆಯ ತಾಯಿ, ಅಂದರೆ ನಮ್ಮ ಬೀಗಿತ್ತಿ, ಸೊರಬದಿಂದ ಬಸ್ಸು ಹತ್ತಿ ಬಂದೇಬಿಟ್ಟರು. "ನಮ್ಮ ಕಡೆ ಒಂದು ಗಂಡು ಇದೆ ಮಾರಾಯ್ರೆ. ಅವನಿಗೂ ಗಣಿತ ಬರೋದಿಲ್ಲ. ಜೋಡಿ ಚೆನ್ನಾಗಿರ್ತದೆ" ಎಂದರು. ನಾನೇನು ಕಡಿಮೆಯೇ? "ಮೂರನೇ ಇಯತ್ತೆಗೇ ಶಾಲಿ ಬಿಟ್ಟ ನಾನು ಬದುಕಿಲ್ಲೇನು?" ಎಂದೆ. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಇನ್ನೂ ಜೋರಾಗಿ ಅತ್ತಳು.

ಆಗ ಅವಳ ಶಾಲೆಯ ಹೊಸ ಟೀಚರಮ್ಮ ಯಾವುದೋ ತರಬೇತಿಗೆ ಹೋಗಿ ಮನಸ್ಸಿನ ಕಸರತ್ತು ಕಲಿತುಬಂದರು. ಪ್ರತಿ ಮಗುವೂ ದಿನಾ ತಾನು ಕಂಡ ಮೂರು ಒಳ್ಳೆಯ ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಡಬೇಕಂತೆ. ಹಾಗೆ ಮಾಡಿದರೆ ಪರೀಕ್ಷೆಯ ಹೆದರಿಕೆ ಇಳಿಯುತ್ತದಂತೆ. ಬರೆಸಿ ಸುಮ್ಮನಾಗಿದ್ದರೆ ನಮ್ಮ ಮಾನ ಉಳಿಯುತ್ತಿತ್ತು. ಒಬ್ಬರ ಸಂತೋಷ ಇನ್ನೊಬ್ಬರಿಗೂ ಹಬ್ಬಬೇಕು ಎಂದು ಅವರು ಊರಿನ ಕೇಬಲ್ ಟಿ.ವಿ.ಯವನನ್ನು ಒಪ್ಪಿಸಿಬಿಟ್ಟರು. ಸಂಜೆ ಸಿನಿಮಾ ಹಾಕಿದಾಗ ಕೆಳಗೆ ಸೀರೆ ಅಂಗಡಿಯ ಜಾಹೀರಾತು ಹರಿಯುತ್ತದಲ್ಲ, ಆ ಪಟ್ಟಿಯಲ್ಲಿ ಮಕ್ಕಳ ಒಳ್ಳೆಯದೆಲ್ಲ ಹೆಸರು ಸಮೇತ ಹರಿಯತೊಡಗಿತು. ಮೇಲೆ ನಾಯಕಿ ವಿಷ ಕುಡಿಯುತ್ತಿದ್ದಾಳೆ, ಕೆಳಗೆ "ನಮ್ಮ ನಾಯಿ ಮರಿ ಹಾಕಿತು." ಒಬ್ಬ ಹುಡುಗ "ಇವತ್ತು ಗಣಿತದ ಮೇಷ್ಟ್ರಿಗೆ ಜ್ವರ" ಎಂದು ಬರೆದಿದ್ದ. ಇನ್ನೊಬ್ಬ "ಅಪ್ಪ ಕುಡಿಯದೆ ಮನೆಗೆ ಬಂದರು" ಎಂದಿದ್ದ. ಮಾರನೇ ದಿನ ಊರಿನವರೆಲ್ಲ ಆ ಅಪ್ಪನ ಬೆನ್ನು ತಟ್ಟಿ ತಟ್ಟಿ ಎಷ್ಟು ಸುಸ್ತು ಮಾಡಿದರೆಂದರೆ, ಸಂಜೆ ಅವನು ಮೈಕೈ ನೋವಿಗೆಂದು ಮತ್ತೆ ಕುಡಿದನಂತೆ.

ನಮ್ಮ ಸುಮಾಗೆ ಮೊದಲ ದಿನ ಒಳ್ಳೆಯದೇ ಹೊಳೆಯಲಿಲ್ಲ. ಪೆನ್ನು ಕಚ್ಚಿ ಕಚ್ಚಿ ಕೊನೆಗೆ ಬರೆದಳು: "ನಮ್ಮ ಎಮ್ಮೆ ಕರು ಹಾಕಿತು. ಅಮ್ಮ ಮಾಡಿದ ಗಿಣ್ಣ ಚೆನ್ನಾಗಿತ್ತು. ಇನ್ನೂ ಪಾತ್ರೆ ತುಂಬಾ ಇದೆ." ಬೆಳಗಾಗುವುದರೊಳಗೆ ಓಣಿಗೆ ಓಣಿಯೇ ಬಟ್ಟಲು ಹಿಡಿದು ನಮ್ಮ ಬಾಗಿಲಲ್ಲಿ! "ಟಿ.ವಿ.ಯಾಗ ಬಂದಿತ್ತಲ್ರೀ ಅಮ್ಮಾರೆ, ಗಿಣ್ಣ ಐತಂತ?" ಗಿಣ್ಣ ಹೋದರೆ ಹೋಗಲಿ, ಎಮ್ಮೆಯ ಗತಿ ಏನು? ಊರಿನ ಕಣ್ಣೆಲ್ಲ ಅದರ ಕೆಚ್ಚಲ ಮೇಲೆ!

ಅವತ್ತಿನಿಂದ ನನಗೂ ಕಸರತ್ತು ಶುರುವಾಯಿತು. ದಿನಾ ಆ ಪಟ್ಟಿ ಹರಿದು ಮುಗಿದ ಕೂಡಲೇ ಉಪ್ಪು, ಒಣಮೆಣಸಿನಕಾಯಿ ಹಿಡಿದು ಸುಮಾಳ ತಲೆಗೆ ನಿವಾಳಿಸಿ ಒಲೆಗೆ ಹಾಕುವುದು, ಮನೆಮಂದಿಯೆಲ್ಲ ಕೆಮ್ಮುವುದು.

"ನನಗ್ಯಾಕಜ್ಜಿ? ಎಮ್ಮಿಗೆ ತೆಗಿ ಹೋಗು."

"ಎಮ್ಮಿಗೂ ತೆಗದೀನಿ. ಸುಮ್ಕ ಕೂಡು. ಊರ ಕಣ್ಣೆಲ್ಲ ನಿನ್ನ ಮ್ಯಾಲೇ ಬಿದ್ದೈತಿ."

"ನನ್ನ ಮ್ಯಾಲೆ ಬೀಳಾಕ ಏನೈತಿ?"

"ಏನೈತಿ ಅಂದ್ರ? ಹಂಗ ಬಾಯಿಬಿಟ್ಟು ಹೇಳಬಾರದು. ಒಳ್ಳೇದು ಬರಿಯೋದಾದ್ರ ನಾಳಿಂದ ಪಕ್ಕದ ಮನೀದು ಬರಿ."

ಅವಳು ಪಕ್ಕದ ಮನೆಯದನ್ನು ಬರೆಯಲಿಲ್ಲ. ಮರುದಿನ ಸಂಜೆ ನಾನು ಅಕ್ಷರ ಕೂಡಿಸಿಕೊಳ್ಳುವಷ್ಟರಲ್ಲಿ ಪಟ್ಟಿ ಸರಿದುಹೋಗಿ ಸೀರೆ ಬಂದಿತ್ತು. ಓದಿಕೊಂಡಿದ್ದ ಸೊಸೆ ಹೇಳಿದಳು: "ಅತ್ತಿ, ನಿಮ್ದ ಬಂದೈತಿ. 'ನಮ್ಮ ಅಜ್ಜಿ ದಿನಾ ನನಗೆ ದೃಷ್ಟಿ ತೆಗೆಯುತ್ತಾಳೆ. ಏನೂ ಇಲ್ಲದವರಿಗೆ ದೃಷ್ಟಿ ಯಾಕೆ ಆಗುತ್ತದೆ? ಅಂದರೆ ನನ್ನಲ್ಲೂ ಏನೋ ಇದೆ.'"

ಮೆಣಸಿನಕಾಯಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು, ಒಲೆಗೆ ಬಿದ್ದಿರಲಿಲ್ಲ. ಆದರೂ ನನ್ನ ಕಣ್ಣು ಉರಿದವು. ಸುಮಾ ತಾನಾಗಿಯೇ ಬಂದು ಮುಂದೆ ಕೂತಳು. "ತೆಗಿ ಅಜ್ಜಿ, ಲಗೂನ. ಗಣಿತ ಓದೋದೈತಿ." ಅವತ್ತು ತಟ್ಟೆ ಖಾಲಿ ಮಾಡಿ ಎದ್ದಳು, ಮುಂದೆ ಪರೀಕ್ಷೆಗೂ ಕೂತಳು. ಇದೆಲ್ಲ ಕಸರತ್ತಿನ ಫಲ ಎಂದು ಟೀಚರಮ್ಮ ಶಾಲೆಯ ಸಭೆಯಲ್ಲಿ ಹೇಳಿದರಂತೆ. ಇರಲಿ, ಓದಿದವರು. ಮೆಣಸಿನಕಾಯಿಗೆ ಸರ್ಟಿಫಿಕೇಟು ಯಾರು ಕೊಡುತ್ತಾರೆ?

ಇವತ್ತು ಸಂಜೆ ಎಲ್ಲರೂ ಒಟ್ಟಿಗೆ ಹೋಳಿಗೆ ಊಟಕ್ಕೆ ಕೂತೆವು. ಮಗ ಮೊದಲ ತುತ್ತಿಗೇ "ಕಾಲೇಜಿಗೆ ಹಚ್ಚೋದ ಸೈ" ಎಂದ. ಸುದ್ದಿ ಕೇಳಿ ಮಧ್ಯಾಹ್ನವೇ ಬಂದಿಳಿದಿದ್ದ ಬೀಗಿತ್ತಿ ಆ ಗಂಡಿನ ಮಾತನ್ನು ತುಪ್ಪದ ಜೊತೆ ನುಂಗಿಕೊಂಡು, "ಗಣಿತ ಬಾರದ ಹುಡುಗನ್ನ ಕಟ್ಕೊಂಡು ನಮ್ಮ ಹುಡುಗಿ ಏನ್ ಮಾಡ್ತಾಳೆ, ಬಿಡಿ ಮಾರಾಯ್ರೆ" ಎಂದರು. ಸುಮಾ ಸುಮ್ಮನಿರಬೇಕಲ್ಲ? "ಎಲ್ಲಾರೂ ಅಜ್ಜಿ ಬಗ್ಗೆ ಒಂದೊಂದು ಒಳ್ಳೇದು ಹೇಳ್ರಿ" ಎಂದಳು. ಸೊಸೆ ಕಲಸಿದ ಅನ್ನವನ್ನೇ ಮತ್ತೆ ಕಲಸಿದಳು, ಬೀಗಿತ್ತಿ ಅಟ್ಟದ ತೊಲೆ ನೋಡಿದರು. ಕೊನೆಗೆ ಮಗ ಧೈರ್ಯ ಮಾಡಿದ: "ಅವ್ವ ಇವತ್ತು ಬೆಳಿಗ್ಗಿಂದ ಯಾರಿಗೂ ಬೈದಿಲ್ಲ."

"ದಿನ ಇನ್ನೂ ಮುಗದಿಲ್ಲ, ಬಾಯಿ ಮುಚ್ಚಿ ಉಣ್ಣು ಮೂಳಾ!" ಎಂದು ಅವನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದೆ.