ಐದು ರಾಡು, ಒಂದು ಏರ್‌ಪೋರ್ಟ್ ಜಾಕೆಟ್

"ಈ ಶುಕ್ರವಾರ ನನ್ನ ಕೈಗೆ ಸಿಗದ ಮೀನು ಇನ್ನು ಹುಟ್ಟಬೇಕಷ್ಟೆ!"

ಹೀಗೆಂದು ಹ್ಯೂಬರ್ಟ್ ಗುರುವಾರ ಸಂಜೆ ದುಬೈಯ ಅಲ್ ನಹ್ದಾದ ತನ್ನ ಫ್ಲ್ಯಾಟಿನಲ್ಲಿ ಘೋಷಿಸಿದ. ಸೋಫಾದ ಮೇಲೆ ಐದು ಗಾಳದ ರಾಡುಗಳು ಮೈಚಾಚಿ ಮಲಗಿದ್ದವು. ಒಂದು ಹಮೂರ್ ಮೀನಿಗೆ, ಒಂದು ಶೇರಿ ಮೀನಿಗೆ, ಒಂದು ದೂರ ಎಸೆಯಲು, ಒಂದು ಹತ್ತಿರ ಎಸೆಯಲು. ಐದನೆಯದು? ಉಳಿದ ನಾಲ್ಕೂ ಮುರಿದರೆ ಇರಲಿ ಅಂತ!

ಇದನ್ನು ಅತಿಯಾಸೆ ಎನ್ನುವವರಿಗೆ ಹೋದ ಸಲದ ಅವಮಾನ ಗೊತ್ತಿಲ್ಲ. ಆಗ ಅವನು ಒಂದೇ ರಾಡು ಒಯ್ದಿದ್ದ. ಮೊದಲ ಎಸೆತಕ್ಕೇ ಅದು ಎರಡು ತುಂಡಾಯಿತು. ಉಳ್ಳಾಲದ ಕಡಲ ಗಾಳಿ ಕುಡಿದು ಬೆಳೆದ ಗಂಡಸು ಆಮೇಲೆ ದಿನವಿಡೀ ಗೆಳೆಯ ವಿಲ್ಸನನ ಗಾಳಕ್ಕೆ ಸಿಗಡಿ ಸುಲಿದುಕೊಡುತ್ತಾ ಕುಳಿತ! ಶುಕ್ರ-ಶನಿ ರಜೆ ಮುಗಿದು ಭಾನುವಾರ ಆಫೀಸಿಗೆ ಹೋದರೆ ಅವನಿಗಿಂತ ಮೊದಲೇ ಅವನ ಹೊಸ ಬಿರುದು ಅಲ್ಲಿಗೆ ತಲುಪಿತ್ತು. 'ಸಿಗಡಿ ಹ್ಯೂಬರ್ಟ್'! ಆ ಬಿರುದನ್ನು ಸಮುದ್ರಕ್ಕೆ ಎಸೆದು ಬರದಿದ್ದರೆ ತಾನು ಗಂಡಸೇ ಅಲ್ಲ ಎಂದು ಅವನು ನಿರ್ಧರಿಸಿದ್ದ.

ಅಷ್ಟರಲ್ಲಿ ವಿಲ್ಸನನ ವಾಟ್ಸ್ಯಾಪ್ ಬಂತು. 'ಕಾರಲ್ಲಿ ನಾಲ್ಕು ಜನ. ಒಬ್ಬರಿಗೆ ಒಂದು ರಾಡ್, ಒಂದು ಸಣ್ಣ ಚೀಲ. ಜಾಸ್ತಿ ತರುವವರು ಟ್ಯಾಕ್ಸಿಯಲ್ಲಿ ಬನ್ನಿ.'

ಹ್ಯೂಬರ್ಟನ ಮೈಯೆಲ್ಲ ಉರಿಯಿತು. "ನಾನು ಎಷ್ಟು ರಾಡು ತರ್ಬೇಕು ಅಂತ ಹೇಳ್ಲಿಕ್ಕೆ ಇವ ಯಾರು? ಸಮುದ್ರ ಇವನ ಅಪ್ಪಂದಾ?"

ಹೆಂಡತಿ ಮಾರ್ಗರೆಟ್ ಕೈ ಒರೆಸಿಕೊಂಡು ಕಪಾಟಿನಿಂದ ತೂಕದ ಕೊಕ್ಕೆ ತೆಗೆದಳು. ರಜೆಗೆ ಊರಿಗೆ ಹೊರಡುವ ವಾರ ಸೂಟ್‌ಕೇಸುಗಳನ್ನು ನೇತುಹಾಕಿ ತೂಗುವ ಸಣ್ಣ ಯಂತ್ರ ಅದು. ಗಲ್ಫಿನ ಮನೆಗಳಲ್ಲಿ ಅದು ಯಾರ ಕೈಯಲ್ಲಿರುತ್ತದೋ ಅವರೇ ಸರ್ಕಾರ. ಇಷ್ಟು ವರ್ಷ ಆ ಸರ್ಕಾರ ಹ್ಯೂಬರ್ಟನದಾಗಿತ್ತು.

"ಏಳು ಕೆಜಿ," ಎಂದಳು ಮಾರ್ಗರೆಟ್.

"ಎಂತ ಏಳು ಕೆಜಿ?"

"ಹ್ಯಾಂಡ್ ಬ್ಯಾಗೇಜ್." ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿದಳು. "ಹದಿನೆಂಟು ಉಂಟು. ತೆಗೀರಿ."

"ಇದು ವಿಮಾನ ಅಲ್ಲ ಮಾರಾಯ್ತಿ, ವಿಲ್ಸನನ ಕಾರು!"

"ವಿಮಾನದಲ್ಲಾದ್ರೂ ಜಾಗ ಇರ್ತದೆ. ಈ ಸೀಸದ ಗುಂಡು ಇಷ್ಟು ಎಂತಕ್ಕೆ?"

"ಬೇಕಾಗ್ತದೆ."

"'ಬೇಕಾಗ್ತದೆ ಅಂತ ಎಲ್ಲ ಹೊತ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ.' ಯಾರು ಹೇಳಿದ್ದು ಇದು, ನೆನಪುಂಟಾ?"

ನೆನಪಿಲ್ಲದೆ ಏನು! ಹೋದ ರಜೆಯಲ್ಲಿ ಅವನೇ ಹೇಳಿದ್ದು. ಮಾರ್ಗರೆಟ್ ತಾಯಿಗೆಂದು ಆಸೆಪಟ್ಟು ಕೊಂಡಿದ್ದ ಗುಲಾಬಿ ಹೂವಿನ ದಪ್ಪ ಬ್ಲಾಂಕೆಟನ್ನು ಸೂಟ್‌ಕೇಸಿನಿಂದ ಎಳೆದುಹಾಕಿ, ಆ ಜಾಗದಲ್ಲಿ ತನ್ನ ತಮ್ಮನಿಗೆ ಡ್ರಿಲ್ಲಿಂಗ್ ಮಿಷನ್ ತುರುಕಿದ್ದ. ಬ್ಲಾಂಕೆಟ್ ಇಂದಿಗೂ ಕಪಾಟಿನ ತಲೆಯ ಮೇಲೆ ಕುಳಿತು ಅವನನ್ನೇ ನೋಡುತ್ತದೆ. ಮುಗಿದ ಕಥೆಯನ್ನು ಈಗ ಕೆದಕುವುದೆಂದರೆ! ಒಬ್ಬ ಮನುಷ್ಯನ ಮಾತನ್ನು ಅವನ ಮೇಲೆಯೇ ಪ್ರಯೋಗಿಸುವುದು ಯಾವ ನ್ಯಾಯ?

ಕೊನೆಗೆ ಒಂದು ರಾಡು, ಒಂದು ಬಡಕಲು ಚೀಲ ಉಳಿಯಿತು. "ಖಲಾಸ್," ಎಂದು ಮಾರ್ಗರೆಟ್ ಅಡುಗೆಮನೆಗೆ ಹೋದಳು. ಹ್ಯೂಬರ್ಟ್ ಸಿಟ್ಟಿನಲ್ಲಿ ಊಟ ಬಿಡಬೇಕೆಂದುಕೊಂಡ. ಆದರೆ ಹಂದಿ ಮಾಂಸದ ಸಾರಿನ ಪರಿಮಳಕ್ಕೆ ಸೋತು ಸಿಟ್ಟಿನಲ್ಲೇ ಎರಡು ಸಲ ಬಡಿಸಿಕೊಂಡ.

ಕೈ ತೊಳೆಯುವಾಗ ಹೊಳೆಯಿತು. ಏರ್‌ಪೋರ್ಟ್ ಜಾಕೆಟ್!

ದುಬೈಯಲ್ಲಿ ಅಷ್ಟು ದಪ್ಪದ ಜಾಕೆಟ್ ಚಳಿಗೆಂದು ಯಾರಿಗೂ ಬೇಡ. ಅದು ಇರುವುದೇ ವಿಮಾನ ಹತ್ತಲು. "ಕೌಂಟರಲ್ಲಿ ಚೀಲ ತೂಗ್ತಾರೆ, ಮನುಷ್ಯನನ್ನು ತೂಗುದಿಲ್ಲ. ಮೈಮೇಲೆ ಇದ್ದದ್ದಕ್ಕೆ ತೂಕ ಇಲ್ಲ!" ಎಂಬುದು ಹ್ಯೂಬರ್ಟ್ ಲೋಕಕ್ಕೆ ಕೊಟ್ಟ ಮಹಾಸೂತ್ರ. ಆ ಜಾಕೆಟಿನ ಜೇಬುಗಳಲ್ಲಿ ಖರ್ಜೂರ, ಟಾರ್ಚು, ಒಮ್ಮೆ ಇಸ್ತ್ರಿಪೆಟ್ಟಿಗೆ ಕೂಡ ಮಂಗಳೂರು ಸೇರಿದ್ದುಂಟು.

ಶುಕ್ರವಾರ ಬೆಳಕು ಹರಿಯುವ ಮೊದಲೇ ಅವನು ತಯಾರಾದ. ಹೊರಜೇಬಿಗೆ ಸೀಸದ ಗುಂಡು. ಒಳಜೇಬುಗಳಿಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳು. ಒಂದೊಂದರ ಹೊಟ್ಟೆಯಡಿಯೂ ಮೂರು ಮೊನೆಯ ಕೊಕ್ಕೆ. ಉಳಿದ ನಾಲ್ಕು ರಾಡುಗಳಲ್ಲಿ ಒಂದರೊಳಗೊಂದು ಸರಿದು ಗಿಡ್ಡವಾಗುವವು ಎರಡಿದ್ದವು, ಒಂದನ್ನು ಬಲತೋಳಿಗೆ, ಇನ್ನೊಂದನ್ನು ಎಡತೋಳಿಗೆ ಇಳಿಸಿದ. ಕನ್ನಡಿಯಲ್ಲಿ ಗದ್ದೆಯ ಬೆರ್ಚಪ್ಪ ನಿಂತ ಹಾಗೆ ಕಂಡರೂ ಎದೆ ಉಬ್ಬಿತು.

ನೀರು ಕುಡಿಯಲು ಎದ್ದ ಮಗಳು ಪರ್ಲ್ ಕಣ್ಣುಜ್ಜಿಕೊಂಡಳು. "ಡ್ಯಾಡಾ, ಆರ್ ಯು ಗೋಯಿಂಗ್ ಟು ಊರು?"

"ಇಲ್ಲ ಮಗಾ. ಸ್ವಲ್ಪ ಚಳಿ."

"ಇಟ್ಸ್ ಜೂನ್!"

ಕೆಳಗೆ ಕಾರಿನಲ್ಲಿ ವಿಲ್ಸನ್ ಬಾಯಿ ತೆರೆದು ನೋಡಿದ. "ಎಂತ ಮಾರಾಯಾ, ಜ್ವರವಾ?"

"ಹೌದು... ಸ್ವಲ್ಪ."

ವಿಲ್ಸನ್ ಒಳ್ಳೆಯವನು. ಅದೇ ತಪ್ಪಾಯಿತು. "ಜ್ವರದವರಿಗೆ ಎಸಿ ಆಗುದಿಲ್ಲ," ಎಂದು ಎಸಿ ಬಂದ್ ಮಾಡಿದ! ಅಬುಧಾಬಿ ರಸ್ತೆಯುದ್ದಕ್ಕೂ ನಾಲ್ವರೂ ಇಡ್ಲಿಯಂತೆ ಬೆಂದರು. ಹಿಂದೆ ಕುಳಿತ ಲಿಯೊನೆಲ್ ಹ್ಯೂಬರ್ಟನ ಜ್ವರಕ್ಕೆ ಕೊಂಕಣಿಯಲ್ಲಿಯೂ ತುಳುವಿನಲ್ಲಿಯೂ ಬೈದ. ಜಾಕೆಟಿನೊಳಗೆ ಬೆವರು ಹೊಳೆಯಾಗಿ ಹರಿಯುತ್ತಿದ್ದರೂ ಹ್ಯೂಬರ್ಟ್ ಹಲ್ಲು ಕಚ್ಚಿ ಕುಳಿತ.

ಸಮುದ್ರ ಬಂತು. "ಈಗ ನೋಡಿ!" ಎಂದು ಹ್ಯೂಬರ್ಟ್ ಜಿಪ್ ಎಳೆದ. ಜಿಪ್ ಬರಲಿಲ್ಲ. ಕಾರು ಕುಲುಕಿದಾಗಲೆಲ್ಲ ಪ್ಲಾಸ್ಟಿಕ್ ಮೀನುಗಳು ಒಳಗೊಳಗೇ ಕೆಲಸ ಮಾಡಿದ್ದವು. ಕೊಕ್ಕೆಗಳು ಅಸ್ತರು ದಾಟಿ ಜಿಪ್ಪಿಗೆ, ಶರ್ಟಿಗೆ, ಶರ್ಟು ದಾಟಿ ಬನಿಯನ್ನಿಗೆ ಕಚ್ಚಿಕೊಂಡಿದ್ದವು. ಚರ್ಮವೊಂದು ಹೇಗೋ ಉಳಿದಿತ್ತು. ಒಂದು ಕೊಕ್ಕೆ ಬಿಡಿಸಿದರೆ ಎರಡು ಕಚ್ಚಿದವು! ವಿಲ್ಸನ್ ಕಾಲರ್ ಎಳೆದ. ಲಿಯೊನೆಲ್ ತೋಳು ಎಳೆದ. ತೋಳು ಬರಲಿಲ್ಲ, ತೋಳಿನೊಳಗಿಂದ ರಾಡಿನ ತುದಿ ಮಾತ್ರ ಉದ್ದವಾಗುತ್ತಾ ಹೊರಗೆ ಬಂತು, ಬುಡ ಒಳಗೇ ಸಿಕ್ಕಿಕೊಂಡಿತು!

"ಇದೆಂತ ಜ್ವರ ಮಾರಾಯಾ?" ಎಂದ ಲಿಯೊನೆಲ್.

ನಿಯಮದ ಪ್ರಕಾರ ತಂದ ಒಂದು ರಾಡು ಬಂಡೆಗೆ ಒರಗಿ ಕಾಯುತ್ತಿತ್ತು. ಅದನ್ನು ಹಿಡಿಯಲು ಕೈ ಬಗ್ಗಬೇಕಲ್ಲ! ಹೋದ ಸಲ ಸಿಗಡಿಯನ್ನಾದರೂ ಸುಲಿದಿದ್ದ. ಈ ಸಲ ಅದಕ್ಕೂ ದಾರಿಯಿರಲಿಲ್ಲ. ಬಾಟಲಿಯ ನೀರನ್ನೂ ವಿಲ್ಸನನೇ ಅವನ ಬಾಯಿಗೆ ಹೊಯ್ದ.

ಮಧ್ಯಾಹ್ನ ಗೆಳೆಯರು ಅವನನ್ನು ಬಾಗಿಲಿನವರೆಗೆ ತಂದು ಒಪ್ಪಿಸಿದರು. "ಇವತ್ತು ಗಾಳಕ್ಕೆ ಬಿದ್ದದ್ದು ಇದೊಂದೇ, ಮಾರ್ಗರೆಟ್," ಎಂದ ವಿಲ್ಸನ್.

ಮಾರ್ಗರೆಟ್ ಅವನನ್ನು ಕುರ್ಚಿಯಲ್ಲಿ ಕೂರಿಸಿ ದೊಡ್ಡ ಕತ್ತರಿ ತಂದಳು. ಕುತ್ತಿಗೆಯ ಹತ್ತಿರ ಕತ್ತರಿ ತೆರೆದು ನಿಂತಳು.

"ಡಿಸೆಂಬರಲ್ಲಿ ಊರಿಗೆ ಹೋಗುವಾಗ ಮಮ್ಮಿಯ ಬ್ಲಾಂಕೆಟ್ ಬರ್ತದಾ?"

"ಬರ್ತದೆ."

"ಜಾಗ?"

"ನನ್ನ ಬಟ್ಟೆ ತೆಗೀತೇನೆ. ಬೇಗ ಕತ್ತರಿಸು ಮಾರಾಯ್ತಿ!"

ಕತ್ತರಿ ಸರಸರನೆ ಓಡಿತು. ಕಾಲರ್ ಒಂದು ಕಡೆ ಬಿತ್ತು, ತೋಳು ಒಂದು ಕಡೆ. ಉಸಿರು ಬಂದದ್ದೇ ತಡ, ನೆಲದ ಮೇಲಿನ ಚಿಂದಿ ಕಂಡು ಹ್ಯೂಬರ್ಟನಿಗೆ ಮತ್ತೆ ಸಿಟ್ಟು ಬಂತು.

"ಜಾಕೆಟ್ ಪೂರ್ತಿ ಹಾಳು ಮಾಡಿದೆಯಲ್ಲ! ಇನ್ನು ಏರ್‌ಪೋರ್ಟಿಗೆ ನಾನು ಎಂತ ಹಾಕುದು?"

ಮಾರ್ಗರೆಟ್ ಕಪಾಟಿನ ಮೇಲಿಂದ ಗುಲಾಬಿ ಹೂವಿನ ಬ್ಲಾಂಕೆಟ್ ಇಳಿಸಿ, ಕೊಡವಿ, ಅವನ ಹೆಗಲಿಗೆ ಹೊದಿಸಿ ಅಳತೆ ನೋಡಿದಳು.

"ಇದನ್ನೇ ಹೊದ್ಕೊಂಡು ಬನ್ನಿ. ಮೈಮೇಲೆ ಇದ್ದದ್ದಕ್ಕೆ ತೂಕ ಇಲ್ಲ, ಅಲ್ವಾ?"