ಹಿಂಚಕ್ರದ ಬೀಗ

ಹಸಿರು ದೀಪ ಕಂಡರೆ ನಂಬಿಬಿಡುವುದು ನನ್ನ ಹುಟ್ಟುಗುಣ. ಇಸ್ತ್ರಿಪೆಟ್ಟಿಗೆಯ ದೀಪ ಹತ್ತಿದರೆ ಸಾಕು, ಬಿಸಿಯಾಯಿತೆಂದೇ ಲೆಕ್ಕ, ಮುಟ್ಟಿ ನೋಡುವವನಲ್ಲ. ತಣ್ಣನೆಯ ಪೆಟ್ಟಿಗೆಯಲ್ಲಿ ತೀಡಿದ ಅಂಗಿ ಹಾಕಿಕೊಂಡೇ ಎಷ್ಟೋ ಮದುವೆಗೆ ಹೋಗಿದ್ದೇನೆ. ಮದುವೆಗೆ ಹೋಗುವುದೇ ನನ್ನ ಕಸುಬು. ಕೊಪ್ಪದಲ್ಲಿ ನನ್ನದು ಶಾಮಿಯಾನ ಮತ್ತು ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನೆಂಟರು ಬರುವ ಮುಂಚೆ ಹೋಗಿ, ಅವರು ಉಂಡು ಹೊರಟ ಮೇಲೆ ಬರುವವನು ನಾನು.

ಈ ಓಡಾಟಕ್ಕೆಂದೇ ಬಸರೀಕಟ್ಟೆಯ ಎಸ್ಟೇಟೊಂದರಿಂದ ಹಳೇ ಪಿಕಪ್ ಕೊಂಡೆ. ಎಸ್ಟೇಟಿನವರು ಅದರ ಎರಡು ಹಿಂಚಕ್ರಗಳಿಗೆ ತಿರುಗುವ ಬಲ ಹಂಚುವ ಡಿಫರೆನ್ಶಿಯಲ್‌ಗೆ ಲಾಕರ್ ಎಂಬ ಬೀಗ ಕೂರಿಸಿದ್ದರು. ಸಾಮಾನ್ಯ ಗಾಡಿಯ ಒಂದು ಹಿಂಚಕ್ರ ಕೆಸರಿನಲ್ಲಿ ಹೂತರೆ ತಿರುಗುವುದೆಲ್ಲ ಅದರ ಪಾಲಾಗುತ್ತದೆ. ಗಟ್ಟಿ ನೆಲದ ಮೇಲಿರುವ ಚಕ್ರ ಕೈಕಟ್ಟಿ ನಿಂತಿರುತ್ತದೆ. ಕೆಲಸ ಬಲ್ಲವನನ್ನು ಕೂರಿಸಿ, ಕೈಲಾಗದವನನ್ನು ಓಡಾಡಿಸುವ ಇಂಥ ಏರ್ಪಾಡನ್ನು ನಾನು ಮದುವೆ ಮನೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಲಾಕರ್ ಬಿದ್ದರೆ ಎರಡೂ ಚಕ್ರ ಒಟ್ಟಿಗೇ ತಿರುಗಬೇಕು. ಗುಂಡಿ ಒತ್ತಿದರೆ ಹಸಿರು ದೀಪ ಹತ್ತುತ್ತದೆ, ಸೀಟಿನಡಿಯ ಪುಟ್ಟ ಪಂಪಿನಿಂದ ಒಂದು ಸಣ್ಣ ಪೈಪಿನಲ್ಲಿ ಗಾಳಿ ಹೋಗಿ ಹಿಂದೆ ಬೀಗ ಬೀಳುತ್ತದೆ.

ಆಯುಧಪೂಜೆ ಕಳೆದು ಎರಡು ವಾರಕ್ಕೆ ಸಿರಿಮನೆಯ ಶ್ರೀಪಾದ ಭಟ್ಟರ ಮಗಳ ನಿಶ್ಚಿತಾರ್ಥ. ಅವರ ಮನೆಗೆ ಹತ್ತುವ ಏರಿನಲ್ಲಿ ಒರತೆಯ ನೀರು ಸೋರಿ ಸದಾ ಕೆಸರು. ಗುಂಡಿ ಒತ್ತಿದೆ. ದೀಪ ಹತ್ತಿತು, ಗಾಡಿ ಹೂತಿತು. ಕೊನೆಗೆ ನೆಂಟರೇ ಪಾತ್ರೆ ಹೊರಬೇಕಾಯಿತು. ಗಂಡಿನ ಸೋದರಮಾವ ರೇಷ್ಮೆ ಪಂಚೆ ಎತ್ತಿ ಕಟ್ಟಿ, ಸಾರಿನ ಕೊಳದಪ್ಪಲೆಯನ್ನು ತಲೆಯ ಮೇಲಿಟ್ಟುಕೊಂಡು ಹತ್ತಿದ್ದನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಭಟ್ಟರು ಸಿಟ್ಟು ಮಾಡಲಿಲ್ಲ. "ಮುಂದಿನ ತಿಂಗಳು ಮದುವೆಗೂ ನೀನೇ ಬಾ ಮಾರಾಯ. ಆದ್ರೆ ಆಗಲೂ ದಪ್ಪಲೆ ನೆಂಟರ ತಲೆ ಮೇಲೇ ಬಂದ್ರೆ, ನಮ್ಮ ಕಡೆ ಮತ್ತೆ ಯಾರ ಮನೆಗೂ ಬರೋದು ಬೇಡ" ಎಂದರು. ಕಿಗ್ಗದಿಂದ ಆಚೆಗೆ ಯಾರ ಮನೆಯ ಊಟಕ್ಕೆ ಯಾರ ಪಾತ್ರೆ ಎನ್ನುವುದು ಭಟ್ಟರ ಮಾತಿನ ಮೇಲೆಯೇ ನಿಂತಿತ್ತು.

ರಿಪೇರಿಗೆ ಇಳಿದೆ. ಫ್ಯೂಸ್ ಬದಲಿಸಿದೆ, ಹಳೆಯದೇ ಚೆನ್ನಾಗಿತ್ತು. ಗುಂಡಿ ಬದಲಿಸಿದೆ. ಕೊಪ್ಪದ ಎಲೆಕ್ಟ್ರಿಷಿಯನ್ ಒಬ್ಬರು ವೈರುಗಳನ್ನೆಲ್ಲ ಬಿಚ್ಚಿ ಕಟ್ಟಿದ ಮೇಲೆ ದೀಪ ಇನ್ನೂ ಪ್ರಕಾಶವಾಗಿ ಉರಿಯತೊಡಗಿತು. ಗಾಡಿ ಮಾತ್ರ ನಮ್ಮ ಹಿತ್ತಲಿನ ಕೆಸರನ್ನೂ ದಾಟಲಿಲ್ಲ. ಎಸ್ಟೇಟಿನವರು ಟೋಪಿ ಹಾಕಿದರೆಂದು ಬಸ್ ಸ್ಟ್ಯಾಂಡಿನವರೆಗೂ ಸಾರಿಕೊಂಡು ಬಂದೆ.

ಮದುವೆಗೆ ನಾಲ್ಕು ದಿನವಿದೆ ಎನ್ನುವಾಗ ಎನ್.ಆರ್.ಪುರದ ಮೆಕ್ಯಾನಿಕ್ ಜೋಸಣ್ಣನಲ್ಲಿಗೆ ಹೋದೆ. ಜೋಸಣ್ಣ ದೀಪದ ಕಡೆ ನೋಡಲೇ ಇಲ್ಲ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಎರಡೂ ಹಿಂಚಕ್ರಗಳನ್ನು ಜಾಕ್ ಮೇಲೆ ಎತ್ತಿ, ನನ್ನಿಂದ ಗುಂಡಿ ಒತ್ತಿಸಿ, ಒಂದು ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿದರು. ಇನ್ನೊಂದು ಹಿಂದಕ್ಕೆ ತಿರುಗಿತು. ಬೀಗ ಬಿದ್ದಿದ್ದರೆ ಎರಡೂ ಒಂದೇ ಕಡೆ ಹೋಗಬೇಕಂತೆ. ದೀಪ ಉರಿಯುತ್ತಿದೆಯಲ್ಲ ಎಂದು ನಾನು ವಾದಕ್ಕೆ ನಿಂತೆ.

"ದೀಪ ಉರಿಯೋದು ಗುಂಡಿ ಒತ್ತಿದ್ದಕ್ಕೆ. ಬೀಗ ಬಿದ್ದಿದ್ದಕ್ಕಲ್ಲ" ಎಂದು ಅವರು ಗಾಡಿಯಡಿಗೆ ತೂರಿ, ಒಂದು ಚಾಕು ಕೇಳಿದರು. ಹೊರಗೆ ಬಂದಾಗ ಕೈಯಲ್ಲೊಂದು ಸೆಣಬಿನ ಹುರಿ. "ಯಾರು ಕಟ್ಟಿದ್ದೋ, ಒಳ್ಳೆ ಗಂಟು" ಎಂದರು. ಅರ್ಧ ನಿಮಿಷ ನನಗೆ ಹೆಮ್ಮೆಯೇ ಆಯಿತು. ಆ ಗಂಟು ನನ್ನದು. ಆಯುಧಪೂಜೆಗೆ ಎಲ್ಲರೂ ಗಾಡಿಯ ಮುಂದೆ ಎರಡು ಬಾಳೆಕಂದು ಕಟ್ಟಿದರೆ, ಮಂಟಪ ಕಟ್ಟುವ ನಾನು ಅಷ್ಟಕ್ಕೇ ಬಿಡುತ್ತೇನೆಯೇ? ಹಿಂದೆಯೂ ಎರಡು ನಿಲ್ಲಿಸಿ, ಹುರಿಯನ್ನು ಅಡಿಯಲ್ಲಿ ಚಾಸಿಸ್‌ಗೆ ಸುತ್ತಿ ಬಿಗಿದಿದ್ದೆ, ಗಾಳಿಯ ಪೈಪನ್ನೂ ಸೇರಿಸಿ. ಮಾರನೇ ದಿನ ಬಾಳೆ ಕಡಿದು ದನಕ್ಕೆ ಹಾಕಿದೆ. ಹುರಿ ಅಲ್ಲೇ ಉಳಿದು, ಕೆಸರುನೀರಿಗೆ ನೆನೆದು, ಗಾಳಿ ಹೋಗದಂತೆ ಪೈಪನ್ನು ಹಿಸುಕಿತ್ತು. ಸೆಣಬು ನೆನೆದಷ್ಟೂ ಬಿಗಿಯುತ್ತದೆ ಎಂದು ಕೆಲಸದವರಿಗೆ ಪಾಠ ಹೇಳುವವನೂ ನಾನೇ. ನಾಚಿಕೆಯಾಗಿ ಹುರಿಯನ್ನು ಜೇಬಿಗೆ ಹಾಕಿಕೊಂಡೆ.

ಮದುವೆಯ ಹಿಂದಿನ ದಿನ ಪಿಕಪ್ ಆ ಏರನ್ನು ಒಂದೇ ಉಸಿರಿಗೆ ಹತ್ತಿತು. ಮೇಲೆ ಕಾದು ನಿಂತಿದ್ದ ಭಟ್ಟರು ದಪ್ಪಲೆಗಳನ್ನು ಎಣಿಸಿ, ಕಾಫಿ ಕುಡಿದು ಇಳಿಸು ಎಂದರು. ಅಷ್ಟಕ್ಕೇ ನನ್ನ ಕಣ್ಣು ಒದ್ದೆಯಾಯಿತು.

ಅಂಗಿ ಒಗೆಯುವಾಗ ಹುರಿ ನನ್ನ ಹೆಂಡತಿ ವಿಶಾಲಳ ಕೈಗೆ ಸಿಕ್ಕಿತು. ಎಲ್ಲವನ್ನೂ ಒಪ್ಪಿಕೊಂಡೆ. ಜೋಸಣ್ಣ ದೀಪದ ಬಗ್ಗೆ ಹೇಳಿದ್ದನ್ನೂ ಹೇಳಿದೆ.

"ಪೈಪ್ ಸೇರಿಸಿ ಕಟ್ಬೇಡಿ ಅಂತ ನಾನು ಅವತ್ತೇ ಹೇಳಿದ್ದೆ. ನೀವು ಹೂಂ ಅಂದಿದ್ರಿ" ಎಂದಳು. ಹುರಿಯನ್ನು ನನ್ನ ಕೈಗೆ ಕೊಟ್ಟು, "ಹತ್ತೊಂಬತ್ತು ವರ್ಷದಿಂದ ಆ ದೀಪ ನಂಬ್ಕೊಂಡೇ ಸಂಸಾರ ಮಾಡ್ದೆ" ಎಂದಳು.

ಈಗ ಅವಳು ನನ್ನ ಹೂಂಗೆ ನಿಲ್ಲುವುದಿಲ್ಲ. ಏನಾದರೂ ಹೇಳಿದ ಮೇಲೆ, ನಾನೀಗ ಎಂತ ಹೇಳಿದೆ ಎಂದು ಕೇಳಿ, ಜೋಸಣ್ಣ ಚಕ್ರ ತಿರುಗಿಸಿದಂತೆ ನನ್ನನ್ನು ತಿರುಗಿಸಿ ನೋಡುತ್ತಾಳೆ. ಇಷ್ಟು ಬರೆಯುವ ಹೊತ್ತಿಗೆ ಒಳಗಿನಿಂದ ಅವಳು ಏನೋ ಕೂಗಿ ಹೇಳಿದಳು, ಒಲೆಯ ಮೇಲಿನ ಹಾಲಿನ ವಿಚಾರವಿರಬೇಕು. ನಾನು ಹೂಂ ಎಂದೆ. ಈಗ ಸೀದ ವಾಸನೆ ಬರುತ್ತಿದೆ.