ನಮ್ಮತ್ತೆಯ ಎತ್ತಿದ ಕೈ

“ಅಮ್ಮಾ, ಅಜ್ಜಿಗೆ ಯಾವ ಪ್ರಶ್ನೆಗೆ ಉತ್ತರ ಗೊತ್ತು?”

ಒಂದನೇ ಕ್ಲಾಸಿನ ನನ್ನ ಮಗಳು ಆಸ್ಪತ್ರೆಯ ಕಾರಿಡಾರಿನಲ್ಲಿ, ಸಾಲಾಗಿ ಕೂತವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೇಳಿದಳು. ನಾನು ಕಣ್ಣು ಕಣ್ಣು ಬಿಟ್ಟೆ.

“ಯಾವ ಉತ್ತರನೇ?”

“ಬೆಳಿಗ್ಗೆಯಿಂದ ಕೈ ಎತ್ತಿಕೊಂಡೇ ಇದ್ದಾರಲ್ಲ! ಪಾಪ, ಯಾರೂ ಕೇಳ್ತಾನೇ ಇಲ್ಲ.”

ನಿಜ. ನಮ್ಮತ್ತೆಯ ಬಲಗೈ ಬೆರಳ ತುದಿಯಿಂದ ಮೊಣಕೈಯವರೆಗೆ ಬಿಳಿ ಪಟ್ಟಿಯೊಳಗೆ ಸೇರಿ, ಭುಜಕ್ಕಿಂತ ಮೇಲೆ ದೀಪದ ಕಂಬದಂತೆ ನಿಂತಿತ್ತು. ಗಾಜಿನ ಜಾಡಿ ಒಡೆದು ತೋರುಬೆರಳು ಮಡಚುವ ನರ ತುಂಡಾಗಿತ್ತು. ಅದನ್ನು ಜೋಡಿಸುವ ಡಾಕ್ಟರು ಇರುವುದು ಈ ಪರವೂರಿನಲ್ಲಿ. ಆಪರೇಷನ್ ಮುಗಿಸಿದ ಅವರು ಹೇಳಿದ್ದು ಇಷ್ಟೇ: “ಕೈ ಎದೆಗಿಂತ ಕೆಳಗೆ ಬರಬಾರದು. ಬಂದರೆ ಬಾವು ಏರುತ್ತೆ, ಬೆರಳು ಕೋಲಿನ ಹಾಗೆ ಸೆಟೆದು ನಿಲ್ಲುತ್ತೆ. ಆಮೇಲೆ ಸೂಜಿ ಹಿಡಿಯೋ ಮಾತು ಮರೀಬೇಕು.”

ನಮ್ಮತ್ತೆ ಟೈಲರ್. ಮದುವೆಗೆ ಮುಂಚಿನಿಂದ ಹೊಲಿಗೆ ಯಂತ್ರದ ಮುಂದೆ ಕೂತವರು. ಡಾಕ್ಟರ ಮಾತಿಗೆ ಅವರು ಹೂಂ ಎಂದರು, ಅಷ್ಟೆ. ಆದರೆ ಅಂದಿನಿಂದ ದಾರಿಯಲ್ಲಿ ಯಾರೇ ಎದುರಾದರೂ ಅವರ ಮುಖ ನೋಡುವುದನ್ನು ಬಿಟ್ಟು ಭುಜದ ಹೊಲಿಗೆ ನೋಡತೊಡಗಿದರು. ನೋಡಿ, ಸುಮ್ಮನೆ ತಲೆ ತಿರುಗಿಸಿಕೊಳ್ಳುತ್ತಿದ್ದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಒಂದು ರಾತ್ರಿ ಡೈರಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ: ಈ ಊರು ಬಿಡುವುದರೊಳಗೆ ಅತ್ತೆಯವರಿಗೆ ಬೇಸರ ಎಂಬ ಶಬ್ದವೇ ಮರೆತುಹೋಗುವಂತೆ ಊರೆಲ್ಲ ತಿರುಗಿಸದಿದ್ದರೆ ನಾನು ಸೊಸೆಯೇ ಅಲ್ಲ!

ಈ ಭೀಷಣ ಪ್ರತಿಜ್ಞೆಯನ್ನು ಫೋನಿನಲ್ಲಿ ನನ್ನವರಿಗೆ ಓದಿ ಹೇಳಿದೆ.

“ಏನ್ರೀ, ಲೈನಲ್ಲಿ ಇದ್ದೀರಾ?”

“ಇದ್ದೀನಿ. ನಮ್ಮೂರ ಮಾರ್ಕೆಟ್ಟಲ್ಲೇ ದಾರಿ ತಪ್ಪಿ ನನಗೆ ಫೋನ್ ಮಾಡಿದ್ದು ನೀನೇ ತಾನೆ?”

“ಅದು ಮಾರ್ಕೆಟ್ಟಿನ ತಪ್ಪು!”

“ಸರಿ ಮಾರಾಯ್ತಿ. ಅಮ್ಮನ ಕೈ ಜೋಪಾನ.”

ಜೋಪಾನವೇ? ನನ್ನಷ್ಟು ಜೋಪಾನ ಇನ್ಯಾರಿಗುಂಟು! ಕೈ ಒಂದು ಬೆರಳಿನಷ್ಟು ಇಳಿದರೆ ಸಾಕು, “ಅತ್ತೆ, ಕೈ ಮೇಲೆ!” ಎಂದು ಕೂಗುತ್ತಿದ್ದೆ. ನಮ್ಮ ಬಾಡಿಗೆ ಕೋಣೆಯ ಪಕ್ಕದವರು ಮೊದಲ ದಿನ ಕಳ್ಳರು ನುಗ್ಗಿದರೆಂದು ಬಾಗಿಲಿಗೆ ಬಂದಿದ್ದರು.

ಬೆಳಿಗ್ಗೆ ಫಿಸಿಯೋಥೆರಪಿ ಮುಗಿದರೆ ಆಮೇಲಿನ ಹಗಲೆಲ್ಲ ನಮ್ಮದೇ. ಮೊದಲ ವಿಹಾರಕ್ಕೆ ನಾನು ಆರಿಸಿದ್ದು ಕೆರೆ. ದೋಣಿಗಳಿವೆ, ಬಾತುಗಳಿವೆ, ನಡೆದೇ ಹೋಗಬಹುದು ಎಂದು ನರ್ಸಮ್ಮ ಹೇಳಿದ್ದರು. ಮಗಳ ಕೈ ಹಿಡಿದು, ನೀರಿನ ಬಾಟಲಿ ಹೆಗಲಿಗೇರಿಸಿ, ದಂಡಯಾತ್ರೆಗೆ ಹೊರಟ ಸೇನಾಪತಿಯಂತೆ ಹೊರಬಿದ್ದೆ.

ಫುಟ್‌ಪಾತಿನಲ್ಲಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಒಂದು ಟ್ಯಾಕ್ಸಿ ಪಕ್ಕಕ್ಕೆ ಬಂದು ನಿಂತಿತು. ಬೇಡವೆಂದು ಕಳಿಸಿದೆ. ಇನ್ನೊಂದು ಬಂತು. ಅದನ್ನೂ ಕಳಿಸಿದೆ. ಆಮೇಲೆ, ದೇವರೇ, ದೊಡ್ಡ ಬಸ್ಸೊಂದು ಕಿರ್ರೆಂದು ಬ್ರೇಕು ಹಾಕಿ ನಮ್ಮ ಮೂಗಿನ ಮುಂದೆಯೇ ನಿಂತಿತು!

“ಹತ್ತಿ, ಹತ್ತಿ, ಬೇಗ!” ಎಂದ ಡ್ರೈವರ್.

“ನಾವು ಹತ್ತಲ್ಲ.”

“ಮತ್ತೆ ಕೈ ಯಾಕೆ ತೋರಿಸಿದ್ರಿ?”

“ತೋರಿಸಿದ್ದಲ್ಲ, ಅದು ಇರೋದೇ ಹಾಗೆ!”

“ಸ್ಟಾಪೇ ಇಲ್ಲದ ಕಡೆ ಹಿರಿಯರು ಅಂತ ನಿಲ್ಲಿಸಿದೆ. ಈಗ ತಮಾಷೆ ಮಾಡ್ತೀರಾ?”

ಬಸ್ಸಿನ ಅಷ್ಟೂ ಕಿಟಕಿಗಳಿಂದ ತಲೆಗಳು ಹೊರಬಂದವು. ಹಿಂದೆ ಹಾರನ್ನುಗಳ ಮೇಳ ಶುರುವಾಯಿತು. ನಾನು ಬೆವರಿ, ತೊದಲಿ, ಕೊನೆಗೆ ಮರ್ಯಾದೆ ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ ಹತ್ತಿಬಿಟ್ಟೆ. ಮೂವರೂ ಹತ್ತಿದ್ದಾಯಿತು. ಬಸ್ಸು ಎಲ್ಲಿಗೆ ಹೋಗುತ್ತದೆಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ. ನಿಲ್ಲಿಸಿದವರೇ ಹಾಗೆ ಕೇಳಿದರೆ ಆ ಡ್ರೈವರ್ ಇಳಿದು ಮನೆಗೆ ಹೋಗಿಬಿಡುತ್ತಿದ್ದ!

“ಅತ್ತೆ, ಎಲ್ಲಿಗೆ ಹೋಗ್ತಿದೆಯೋ ಗೊತ್ತಿಲ್ಲ” ಎಂದು ಪಿಸುಗುಟ್ಟಿದೆ.

“ಹೋಗಲಿ ಬಿಡಮ್ಮ. ಕಿಟಕಿ ಸೀಟು ಸಿಕ್ಕಿದೆ.”

ಕಿಟಕಿಯಲ್ಲಿ ಕಾಣುವ ಎತ್ತಿದ ಕೈಗೆ ದಾರಿಯುದ್ದಕ್ಕೂ ಜನ ಕೈ ಬೀಸಿದರು. ಹಣ್ಣಿನ ಗಾಡಿಯವನು ಬೀಸಿದ, ಶಾಲಾ ಮಕ್ಕಳು ಬೀಸಿದರು, ಟ್ರಾಫಿಕ್ ಪೊಲೀಸನೊಬ್ಬ ಅನುಮಾನದಿಂದಲೇ ಸಲ್ಯೂಟ್ ಹೊಡೆದ. ಅತ್ತೆ ಗಂಭೀರವಾಗಿ ತಲೆಯಾಡಿಸುತ್ತ, ಮೆರವಣಿಗೆ ಹೊರಟ ಮಹಾರಾಣಿಯಂತೆ ಕೂತಿದ್ದರು. ಮಗಳಂತೂ ಅಜ್ಜಿಯ ಪರವಾಗಿ ಎಲ್ಲರಿಗೂ ಮುತ್ತು ತೂರುತ್ತಿದ್ದಳು.

ಕೊನೆಯ ಸ್ಟಾಪಿನಲ್ಲಿ ಇಳಿದರೆ ಕೆರೆಯೂ ಇಲ್ಲ, ಬಾತೂ ಇಲ್ಲ. ಮನೆಗಳ ಸಾಲು, ಸುಡುವ ಬಿಸಿಲು. ಮರಳಿ ಹೋಗುವ ಬಸ್ಸು ಬರಲು ಹೊತ್ತಾಗುತ್ತದಂತೆ. ಎದುರಿಗೆ ಒಂದು ಹಾಲ್, ಬಾಗಿಲು ತೆರೆದಿತ್ತು. ಒಳಗೆ ಫ್ಯಾನುಗಳು ತಿರುಗುತ್ತಿದ್ದವು, ಹಿಂದಿನ ಸಾಲಿನಲ್ಲಿ ಕುರ್ಚಿಗಳು ಖಾಲಿ ಇದ್ದವು. ಮೆಲ್ಲಗೆ ಹೋಗಿ ಕೂತೆವು.

ಅದು ಆ ಬಡಾವಣೆಯ ನಾಟಕ ಸಂಘದ ಸಭೆ. ವೇದಿಕೆಯ ಮೇಲೆ ಮೇಜು, ಮೇಜಿನ ಹಿಂದೆ ಕನ್ನಡಕವನ್ನು ಹಣೆಗೇರಿಸಿಕೊಂಡ ಅಧ್ಯಕ್ಷರು. ಮುಂದಿನ ಬೆಂಚಿನಲ್ಲಿ ಜೋಲುಮುಖದ ಮಕ್ಕಳು. ಉಡುಪು ಹೊಲಿಯುತ್ತಿದ್ದವರು ಬೇರೆ ಊರಿಗೆ ಹೋಗಿದ್ದರಿಂದ ಈ ಸಲ ಮಕ್ಕಳ ನಾಟಕ ನಡೆಸಬೇಕೋ ಬೇಡವೋ ಎಂಬುದು ಚರ್ಚೆ. ಚರ್ಚೆ ಮುಗಿದು ಮತಕ್ಕೆ ಬಂದಿತ್ತು.

“ನಾಟಕ ಬೇಡ ಅನ್ನೋರು ಕೈ ಎತ್ತಿ!” ಎಂದರು ಅಧ್ಯಕ್ಷರು.

ಕೆಲವು ಕೈಗಳು ಎದ್ದವು. ಹಿಂದಿನ ಸಾಲಿನಲ್ಲಿ ಒಂದು ಬಿಳಿ ಕೈ ಆಗಲೇ ಎದ್ದಿತ್ತು.

“ಬೇಕು ಅನ್ನೋರು?”

ಕೆಲವು ಕೈಗಳು ಇಳಿದು ಕೆಲವು ಎದ್ದವು. ಬಿಳಿ ಕೈ ಅಲ್ಲಾಡಲಿಲ್ಲ.

ಅಧ್ಯಕ್ಷರು ಎಣಿಸಿದರು. ಕನ್ನಡಕವನ್ನು ಕಣ್ಣಿಗಿಳಿಸಿ ಮತ್ತೆ ಎಣಿಸಿದರು. “ಎರಡೂ ಕಡೆ ಸಮ ಬಂತು, ಸದಸ್ಯರಿಗಿಂತ ಎರಡು ಮತ ಜಾಸ್ತಿನೂ ಬಂತಲ್ಲ!”

“ಹೇಗೆ ಬರಲ್ಲ ಹೇಳಿ! ಆ ಹಿಂದಿನವರು ಎರಡು ಸಲಾನೂ ಎತ್ತಿದ್ರು!” ಎಂದು ಜಡೆ ಕುಣಿಸುತ್ತ ಒಬ್ಬಾಕೆ ಎದ್ದು ನಿಂತರು.

ಸಭೆಗೆ ಸಭೆಯೇ ನಮ್ಮ ಕಡೆ ತಿರುಗಿತು. ಇಡೀ ವಾರ ‘ಕೈ ಮೇಲೆ’ ಎಂದು ಕಿರುಚಿದ್ದ ನನ್ನ ಬಾಯಲ್ಲಿ ಆ ಕ್ಷಣ ಬಂದ ಮಾತು ಕೇಳಿ:

“ಅತ್ತೆ, ಕೈ ಇಳಿಸಿ!”

“ಡಾಕ್ಟರು ಬೇಡ ಅಂದಿದ್ದಾರೆ.”

“ಒಂದೇ ಒಂದು ಕ್ಷಣ, ಅತ್ತೆ!”

“ಬಾವು ಬಂದ್ರೆ ನೀನು ಹೊಣೆನಾ?”

ಅಷ್ಟರಲ್ಲಿ ಅಧ್ಯಕ್ಷರು ಮೇಜು ಕುಟ್ಟಿದರು. “ಜಗಳ ಬೇಡ. ಉಡುಪು ಹೊಲಿಯೋರಿಲ್ಲ ಅಂತ ತಾನೆ ತಕರಾರು? ನೇರವಾಗಿ ಕೇಳ್ತೀನಿ. ಉಡುಪಿನ ಜವಾಬ್ದಾರಿ ಯಾರು ಹೊರ್ತೀರಿ?”

ಆಹಾ, ಆಗ ನೋಡಬೇಕಿತ್ತು! ಎಲ್ಲ ಕೈಗಳೂ ಜೇಬಿಗೆ, ಚೀಲಕ್ಕೆ, ಕುರ್ಚಿಯ ಅಡಿಗೆ ಓಡಿದವು. ಎಲ್ಲರೂ ನೆಲದಲ್ಲಿ ಏನೋ ಕಳೆದುಕೊಂಡವರಂತೆ ಹುಡುಕತೊಡಗಿದರು. ಇಡೀ ಹಾಲಿನಲ್ಲಿ ನಿಂತಿದ್ದುದು ಒಂದೇ ಒಂದು ಕೈ.

“ಭೇಷ್!” ಎಂದು ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿದರು. ನನ್ನ ಮಗಳೂ ಅವರ ಜೊತೆ ಸೇರಿಕೊಂಡಳು.

ಇನ್ನು ಸುಮ್ಮನಿದ್ದರೆ ಕೆಟ್ಟೆ ಎಂದು ನಾನು ಎದ್ದೆ. “ದಯವಿಟ್ಟು ಕ್ಷಮಿಸಿ. ಇದು ಎತ್ತಿದ್ದಲ್ಲ, ಆಪರೇಷನ್ ಆಗಿರೋದು! ನಾವು ಈ ಊರಿನವರೇ ಅಲ್ಲ. ನಮ್ಮತ್ತೆ ಟೈಲರ್ ಹೌದು, ಆದ್ರೆ ಈಗ ಅವರಿಂದ ಹೊಲಿಯೋಕೆ ಆಗಲ್ಲ. ಇನ್ನು ಮುಂದೆ ಆಗುತ್ತೋ ಇಲ್ವೋ ಅದೂ...”

ಅಲ್ಲಿಗೆ ನಾಲಿಗೆ ಕಚ್ಚಿಕೊಂಡೆ. ಇಷ್ಟು ದಿನ ನಾವಿಬ್ಬರೂ ಆಡದೆ ಮುಚ್ಚಿಟ್ಟಿದ್ದ ಮಾತನ್ನು ನಾನು ಪರವೂರಿನ ಸಭೆಯ ಮುಂದೆ ಆಡಿಬಿಟ್ಟಿದ್ದೆ.

ಅತ್ತೆ ನಿಧಾನವಾಗಿ ಎದ್ದು ನಿಂತರು. ಆಗ ಗಮನಿಸಿದೆ. ಭುಜದ ಹತ್ತಿರ ಇರಬೇಕಾದ ಕೈ ಈಗ ಮೊಣಕೈ ನೆಟ್ಟಗಾಗಿ ಸೂರಿನ ಕಡೆ ಚಾಚಿತ್ತು.

“ಮೊದಲ ಎರಡು ಸಲ ಡಾಕ್ಟರು ಎತ್ತಿಸಿದ್ದು. ಮೂರನೇ ಸಲ ನಾನೇ ಎತ್ತಿದ್ದು” ಎಂದರು. “ಬೆರಳು ಬರೋದು ಬಿಡೋದು ಆಮೇಲೆ. ಅಳತೆ ನನ್ನ ಕಣ್ಣಲ್ಲಿದೆ. ಕತ್ತರಿ ಹಿಡಿಯೋಕೆ ನನ್ನ ಸೊಸೆ ಇದ್ದಾಳೆ.”

ಚಪ್ಪಾಳೆಯೋ ಚಪ್ಪಾಳೆ! ನನಗೆ ಮಾತ್ರ ಕಣ್ಣು ಕತ್ತಲೆ ಬಂತು. ಓದುಗರೇ, ನಾನು ಷರ್ಟಿನ ಗುಂಡಿ ಕಿತ್ತುಹೋದರೆ ಷರ್ಟನ್ನೇ ಬೀರುವಿನ ತಳಕ್ಕೆ ತಳ್ಳುವ ಜಾತಿ.

ಮರುದಿನದಿಂದ ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಅದೇ ಬಸ್ಸು, ಅದೇ ಹಾಲ್. ವೇದಿಕೆಯ ಮೇಜಿನ ಮೇಲೆ ನೇರಳೆ ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆಸಿ, ಅತ್ತೆ ಎತ್ತಿದ ಕೈಯಲ್ಲೇ ನನಗೆ ಅಪ್ಪಣೆ ಕೊಟ್ಟರು.

“ಬಲಕ್ಕೆ. ಬಲಕ್ಕೆ ಅಂದೆ! ನಿನ್ನ ಬಲಕ್ಕಲ್ಲ, ಬಟ್ಟೆಯ ಬಲಕ್ಕೆ!”

“ಬಟ್ಟೆಗೆ ಬಲ ಯಾವುದು ಅತ್ತೆ?”

“ನೀನು ಈಗ ಕತ್ತರಿಸ್ತಾ ಇಲ್ವಲ್ಲ, ಆ ಕಡೆ.”

ಆದರೂ ಕಚಕಚನೆ ಕತ್ತರಿಸಿ, ರಾಜನ ನಿಲುವಂಗಿಯನ್ನು ಹೆಮ್ಮೆಯಿಂದ ಮೇಲೆತ್ತಿದೆ. ಕೆಳಗೆ ಇನ್ನೊಂದು ನಿಲುವಂಗಿ ಇತ್ತು! ಹೂವಿನ ಚಿತ್ರದ್ದು! ಸಂಘದ ಮೇಜಿನ ಹೊದಿಕೆಯನ್ನು ನಾನು ಅಷ್ಟೇ ಅಂದವಾಗಿ, ಅದೇ ಅಳತೆಗೆ ಕತ್ತರಿಸಿದ್ದೆ.

ಅಧ್ಯಕ್ಷರ ಕನ್ನಡಕ ತಾನಾಗಿಯೇ ಹಣೆಯಿಂದ ಮೂಗಿಗೆ ಜಾರಿತು.

ಅತ್ತೆ ಹೊದಿಕೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಮಂತ್ರಿಗೂ ಒಂದು ಬೇಕಿತ್ತು” ಎಂದರು.

ಹೀಗೆ ದಿನಗಳು ಹಾರಿದವು. ನಾನು ಒಂದೇ ಕೈಗೆ ಎರಡು ತೋಳು ಕತ್ತರಿಸಿದೆ. ರಾಣಿಯ ಕುತ್ತಿಗೆಯನ್ನು, ಅದರೊಳಗೆ ರಾಜನೂ ನುಗ್ಗುವಷ್ಟು ಅಗಲ ಮಾಡಿದೆ. ಅಂದು ಜಡೆ ಕುಣಿಸಿದ ಆಕೆಯೇ ಬಂದು ಯಂತ್ರದಲ್ಲಿ ಹೊಲಿಯಲು ಕೂತರು. ಅತ್ತೆ ನಡುವೆ ನಿಂತು ಎಲ್ಲರನ್ನೂ ಗದರಿಸುತ್ತ, ನಗಿಸುತ್ತ ಇದ್ದರು. ರಾತ್ರಿ ಡೈರಿಯಲ್ಲಿ ನಾನು ಬರೆದದ್ದು: ‘ಅತ್ತೆಯವರ ಬೇಸರ ಮಾಯ. ಎಲ್ಲ ನನ್ನ ಯೋಜನೆಯ ಫಲ!’

ಕೊನೆಗೂ ಪಟ್ಟಿ ಬಿಚ್ಚುವ ದಿನ ಬಂತು. ಫಿಸಿಯೋಥೆರಪಿಯ ಹುಡುಗಿ ಮೆಲ್ಲನೆ ಸುತ್ತು ಬಿಡಿಸಿದಳು. ಒಳಗಿನ ಕೈ ಬಡಕಲಾಗಿ, ಬಿಳಿಚಿಕೊಂಡು, ಬೇರೆ ಯಾರದೋ ಎಂಬಂತಿತ್ತು.

“ತೋರುಬೆರಳನ್ನ ಹೆಬ್ಬೆರಳಿಗೆ ಮುಟ್ಟಿಸಿ ನೋಡೋಣ.”

ಬೆರಳು ಬಾಗಿತು. ಅರ್ಧ ದಾರಿಯಲ್ಲಿ ನಿಂತಿತು. ಅತ್ತೆಯ ಹಣೆಯಲ್ಲಿ ಬೆವರು ಕೂತಿತು. ಬೆರಳು ನಡುಗಿತು, ಮತ್ತೆ ಬಾಗಿತು, ಮುಟ್ಟಿತು!

ಅತ್ತೆಗೆ ಅದು ಸಾಲಲಿಲ್ಲ. ಎಡಗೈಯಿಂದ ತಮ್ಮ ಕಾಲರಿನ ಒಳಗೆ ಸಿಕ್ಕಿಸಿಕೊಂಡಿದ್ದ ಸೂಜಿಯೊಂದನ್ನು ತೆಗೆದು ಆ ಬೆರಳುಗಳ ನಡುವೆ ಇಟ್ಟರು. ಟಿಣ್ಣೆಂದು ನೆಲಕ್ಕೆ ಬಿತ್ತು. ಹುಡುಕಿಕೊಟ್ಟೆ. ಮತ್ತೆ ಇಟ್ಟರು. ಈ ಸಲ ಬೀಳಲಿಲ್ಲ. ಅತ್ತೆ ಆ ಸೂಜಿಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ನನಗೆ ಏನೂ ಕಾಣಲಿಲ್ಲ, ಕಣ್ಣೆಲ್ಲ ನೀರು.

“ಬಾವೇ ಇಲ್ಲವಲ್ಲ! ಇಷ್ಟು ಶ್ರದ್ಧೆಯಿಂದ ಯಾರೂ ಕೈ ಎತ್ತಿಕೊಂಡಿರಲ್ಲ” ಎಂದಳು ಹುಡುಗಿ.

“ಎಲ್ಲಾ ನನ್ನದೇ ಉಸ್ತುವಾರಿ” ಎಂದು ಮೂಗು ಒರೆಸಿಕೊಳ್ಳುತ್ತಲೇ ಎದೆಯುಬ್ಬಿಸಿದೆ. “ದಿನಾ ಸುತ್ತಾಡಿಸಿದೆ. ಹೊಲಿಗೆಯಲ್ಲೂ ನಾನೇ ಇವರ ಬಲಗೈ ಆದೆ!”

ಅತ್ತೆ ಹೊರಗೆ ಬಂದ ಮೇಲೆ ಬಸ್‌ಸ್ಟಾಪಿನ ನೆರಳಿನಲ್ಲಿ ಆ ಬಡಕಲು ಕೈಯನ್ನು ನನ್ನ ಕೈಯ ಮೇಲೆ ಇಟ್ಟರು.

“ನಿನ್ನ ಹತ್ರ ಒಂದು ಉಪಕಾರ ಕೇಳ್ಲಾ?”

“ಕೇಳಿ ಅತ್ತೆ. ಏನು ಬೇಕಾದ್ರೂ ಕೇಳಿ.”

“ನಾಳೆ ಇನ್ನೂ ಎರಡು ಅಂಗಿ ಬಾಕಿ ಇವೆ. ‘ಇದನ್ನ ಯಾರು ಕತ್ತರಿಸ್ತೀರಿ’ ಅಂತ ಅಲ್ಲಿ ಯಾರಾದ್ರೂ ಕೇಳಿದ್ರೆ...”

“ಕೇಳಿದ್ರೆ?”

“ದಯವಿಟ್ಟು ನೀನು ಮಾತ್ರ ಕೈ ಎತ್ತಬೇಡಮ್ಮ!”